ಯಶವಂತಪುರದ ರೋಮನ್ ನಾಣ್ಯಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ಹಳೇಪೇಟೆ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕನ್ನಡ ಸಂಘ ಈ ಸಲದ ರಾಜ್ಯೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಿದೆ. ಅದರ ಸಂಪಾದನೆಯ ಹೊಣೆ ನನ್ನ ಮೇಲೆ ಬಿದ್ದಿದೆ. ಬಂದಿರುವ ಲೇಖನಗಳಲ್ಲಿ ಒಂದರ ಮೊದಲ ಸಾಲೇ ಹೀಗಿದೆ: "ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ ವರ್ತಕರು ನಮ್ಮ ಯಶವಂತಪುರಕ್ಕೆ ಬಂದು ವ್ಯಾಪಾರ ಮಾಡುತ್ತಿದ್ದರು." ಲೇಖಕರು ಕೊಟ್ಟಿರುವ ಆಧಾರ ಎರಡು. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕಿದ 163 ರೋಮನ್ ಬೆಳ್ಳಿ ನಾಣ್ಯಗಳು ಒಂದು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆವರಣದಲ್ಲಿ ಸಿಕ್ಕಿದ 256 ನಾಣ್ಯಗಳು ಇನ್ನೊಂದು.

ನಾಣ್ಯಗಳು ಸಿಕ್ಕಿದ್ದು ನಿಜವೆಂದು ನನಗೂ ಗೊತ್ತಿದೆ. ಆದರೆ ನಾಣ್ಯ ಸಿಕ್ಕಿದ ಮಾತ್ರಕ್ಕೆ ನಾಣ್ಯ ಹೊಡೆಸಿದವನ ನಾಡಿನ ಜನ ಇಲ್ಲಿಗೆ ಬಂದಿದ್ದರೆಂದು ಬರೆಯಬಹುದೇ? ನಮ್ಮ ಬೀದಿಯ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಒಂದು ದುಬೈ ನಾಣ್ಯ ಬಿದ್ದಿದ್ದರೆ ಅರಬರು ಬಂದು ಬೆಲ್ಲ ಕೊಂಡುಹೋದರೆಂದು ಯಾರೂ ಹೇಳುವುದಿಲ್ಲ. ದಕ್ಷಿಣ ಭಾರತಕ್ಕೂ ಮೆಡಿಟರೇನಿಯನ್ ನಾಡುಗಳಿಗೂ ನಡೆದ ಕಡಲ ವ್ಯಾಪಾರಕ್ಕೆ ಗಟ್ಟಿಯಾದ ಪುರಾವೆ ಯಾವುದು, ಕರ್ನಾಟಕಕ್ಕೆ ಅದರಲ್ಲಿ ಎಷ್ಟು ಪಾಲಿದೆ ಎಂಬುದನ್ನು ಬಲ್ಲವರು ತಿಳಿಸಿಕೊಟ್ಟರೆ ಆ ಸಾಲನ್ನು ತಿದ್ದಲು ನನಗೆ ಧೈರ್ಯ ಬರುತ್ತದೆ. ಲೇಖಕರು ವಯಸ್ಸಿನಲ್ಲಿ ಹಿರಿಯರಾದ್ದರಿಂದ ಕಾರಣವಿಲ್ಲದೆ ತಿದ್ದುವಂತಿಲ್ಲ.

ಟಂಕಸಾಲೆ:

ನಾಣ್ಯದ ಪ್ರಶ್ನೆಯಾದ್ದರಿಂದ ಮೊದಲು ನಾನು ಬರೆಯುತ್ತೇನೆ. ನಾಣ್ಯ ಸಂಗ್ರಹದಲ್ಲಿ ಮೂವತ್ತು ವರ್ಷ ಕಳೆದವನು ನಾನು. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವೇ ಹೆಚ್ಚು. ಒಂದು ರೋಮಿನ ಚಕ್ರವರ್ತಿ ಆಗಸ್ಟಸ್‌ನದು. ಅದರ ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ನಿಂತಿರುತ್ತಾರೆ, ಇಬ್ಬರ ನಡುವೆ ಗುರಾಣಿಗಳೂ ಈಟಿಗಳೂ ಇರುತ್ತವೆ. ಇನ್ನೊಂದು ಟೈಬೀರಿಯಸ್‌ನದು. ಅದರ ಮುಂಬದಿಯಲ್ಲಿ ಲಾರೆಲ್ ಎಲೆಯ ದಂಡೆ ಮುಡಿದ ತಲೆಯಿದ್ದರೆ ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಒಬ್ಬ ಹೆಂಗಸು ಒಂದು ಕೈಯಲ್ಲಿ ಉದ್ದನೆಯ ದಂಡವನ್ನೂ ಇನ್ನೊಂದರಲ್ಲಿ ಒಂದು ರೆಂಬೆಯನ್ನೂ ಹಿಡಿದಿರುತ್ತಾಳೆ. ತೂಕದಲ್ಲಿ ಇವು ಹೆಚ್ಚುಕಡಿಮೆ ನಮ್ಮ ಈಗಿನ ಒಂದು ರೂಪಾಯಿ ನಾಣ್ಯದಷ್ಟೇ ಇದ್ದರೂ ಅಗಲ ಕಡಿಮೆ, ದಪ್ಪ ಜಾಸ್ತಿ. ಅಂಗೈಯಲ್ಲಿ ಇಟ್ಟುಕೊಂಡರೆ ಗುಂಡಿಯಂತೆ ಕೂರುತ್ತವೆ.

ಈ ಇಬ್ಬರು ಚಕ್ರವರ್ತಿಗಳ ನಾಣ್ಯಗಳೇ ಇಷ್ಟು ಸಿಗಲು ಮುಖ್ಯ ಕಾರಣ ಬೆಳ್ಳಿಯ ಶುದ್ಧಿ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ಇಲ್ಲಿಯ ವರ್ತಕರು ನಾಣ್ಯವನ್ನು ಲೋಹದ ಬೆಲೆಗೆ ತೂಗಿ ಕೊಳ್ಳುತ್ತಿದ್ದರಾದ್ದರಿಂದ ಹಳೆಯ ಮುದ್ರೆಯನ್ನೇ ಕೇಳಿ ಪಡೆದಿರಬೇಕು. ಇದರಿಂದ ಹೊರಡುವ ಒಂದು ಎಚ್ಚರಿಕೆಯನ್ನು ಪತ್ರಿಕಾ ಲೇಖನಗಳು ಸಾಮಾನ್ಯವಾಗಿ ಮರೆಯುತ್ತವೆ: ನಾಣ್ಯದ ಮೇಲಿರುವ ಮುಖ ಯಾರದೆಂಬುದರಿಂದ ಅದು ಹಡಗೇರಿದ ವರ್ಷವಾಗಲಿ, ನೆಲದಲ್ಲಿ ಹೂತ ವರ್ಷವಾಗಲಿ ತಿಳಿಯುವುದಿಲ್ಲ. ಯಶವಂತಪುರದ ಕುಡಿಕೆಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ಜೊತೆಗೆ ಕ್ಲಾಡಿಯಸ್‌ನ ನಾಣ್ಯಗಳೂ ಇದ್ದವು. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರಲ್ಲಿ. ಹೀಗಾಗಿ ಅದನ್ನು ಹೂತದ್ದು 41ರ ನಂತರ ಎಂದಷ್ಟೇ ಹೇಳಬಹುದು. ಎಷ್ಟು ನಂತರ ಎಂಬುದನ್ನು ಆ ನಾಣ್ಯಗಳು ಹೇಳುವುದಿಲ್ಲ.

1898ರಲ್ಲಿ ಪುದುಕ್ಕೋಟ್ಟೈ ಸೀಮೆಯಲ್ಲಿ 501 ಚಿನ್ನದ ನಾಣ್ಯಗಳ ಒಂದು ನಿಧಿ ಸಿಕ್ಕಿತು. ಅವುಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಒಂದು ಗೀಟು ಹಾಕಲಾಗಿದೆ. ಇನ್ನು ಮುಂದೆ ಇದು ಹಣವಾಗಿ ನಡೆಯಬಾರದು, ಚಿನ್ನವಾಗಿ ಮಾತ್ರ ನಡೆಯಬೇಕು ಎಂಬ ಗುರುತು ಅದು ಎಂಬುದು ಸಾಮಾನ್ಯವಾದ ವಿವರಣೆ. ಅಂಥ ಲೋಹ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಷ್ಟು ದೂರ ಬೇಕಾದರೂ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 163 ನಾಣ್ಯಗಳೆಂದರೆ ಸುಮಾರು 600 ಗ್ರಾಂ ಬೆಳ್ಳಿ, ಒಬ್ಬ ಮನುಷ್ಯ ಸೊಂಟಕ್ಕೆ ಕಟ್ಟಿಕೊಂಡು ನಡೆದು ಹೋಗಬಹುದಾದಷ್ಟು. ಅದಕ್ಕೆ ರೋಮನ್ ವರ್ತಕನೇ ಬರಬೇಕಾಗಿಲ್ಲ.

ದಕ್ಷಿಣದ ನಾಣ್ಯನಿಧಿಗಳು ಹೆಚ್ಚು ಒತ್ತಾಗಿರುವುದು ಕೊಯಮತ್ತೂರು–ಕರೂರು ಭಾಗದಲ್ಲಿ. ಪಾಲಕ್ಕಾಡಿನ ಕಣಿವೆಯ ದಾರಿ ಮಲಬಾರಿನ ಬಂದರುಗಳನ್ನು ಒಳನಾಡಿಗೆ ಜೋಡಿಸುತ್ತಿತ್ತು. ರೋಮನ್ನರಿಗೆ ಪ್ರಿಯವಾಗಿದ್ದ ಬೆರಿಲ್ ಹರಳಿನ ಗಣಿಯಿದ್ದ ಪಡಿಯೂರೂ, ಹರಳು ಕೊರೆಯುವ ಕುಶಲಿಗಳಿದ್ದ ಕೊಡುಮಣಲ್ಲೂ ಅದೇ ಭಾಗದಲ್ಲಿವೆ. ಬೆಂಗಳೂರಿನ ಎರಡು ನಿಧಿಗಳು ಆ ಜಾಲದ ಒಂದು ಎಳೆಯ ತುದಿಯಲ್ಲಿವೆ ಎಂಬುದು ನನ್ನ ಅಭಿಪ್ರಾಯ.

ಗಡಿನಾಡು:

ಟಂಕಸಾಲೆಯವರೇ, ಹಾಗಾದರೆ ರೋಮಿನ ಬರಹಗಾರ ಪ್ಲಿನಿ ಕೊಟ್ಟಿರುವ ಅಂಕಿಯನ್ನು ಏನು ಮಾಡುವುದು? ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ರೋಮ್ ಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತಿದೆ ಎಂದು ಅವನೇ ಅಳಲು ತೋಡಿಕೊಂಡಿದ್ದಾನಲ್ಲ. ಇದನ್ನು ಪ್ರತಿ ಭಾಷಣದಲ್ಲೂ ಕೇಳುತ್ತೇವೆ.

ಓಲೆಗರಿ:

ಗಡಿನಾಡು ಅವರ ಪ್ರಶ್ನೆಗೆ ನಾನು ಉತ್ತರಿಸಬಹುದೆಂದು ಕಾಣುತ್ತದೆ. ಕ್ರಿ.ಶ. 77ರ ಸುಮಾರಿಗೆ ಬರೆದ ಪ್ಲಿನಿ ಒಂದು ಕಡೆ ಭಾರತಕ್ಕೆ 5 ಕೋಟಿ ಎನ್ನುತ್ತಾನೆ, ಇನ್ನೊಂದು ಕಡೆ ಭಾರತ, ಚೀನಾ, ಅರೇಬಿಯ ಮೂರಕ್ಕೂ ಸೇರಿಸಿ 10 ಕೋಟಿ ಎನ್ನುತ್ತಾನೆ. ಅವನು ಸುಂಕದ ಕಟ್ಟೆಯ ಗುಮಾಸ್ತನಲ್ಲ, ಶ್ರೀಮಂತರ ಬೆಡಗನ್ನು, ಅದರಲ್ಲೂ ಹೆಂಗಸರ ಬೆಡಗನ್ನು, ಬೈಯುತ್ತಿದ್ದ ನೀತಿವಾದಿ. ಆದ್ದರಿಂದ ಆ ಅಂಕಿಯನ್ನು ಬಹಳ ಕಾಲ ವಿದ್ವಾಂಸರು ಉತ್ಪ್ರೇಕ್ಷೆಯೆಂದೇ ಓದಿದರು.

ಆ ಓದಿಗೆ ಎದುರಾದದ್ದು ವಿಯೆನ್ನಾದ ಸಂಗ್ರಹದಲ್ಲಿರುವ, 1985ರಲ್ಲಿ ಮೊದಲು ಪ್ರಕಟವಾದ ಒಂದು ಹರಿದ ಪಪೈರಸ್ ಹಾಳೆ. ಕ್ರಿ.ಶ. ಎರಡನೆಯ ಶತಮಾನದ ನಡುಭಾಗದ್ದು. ಅದರ ಒಂದು ಬದಿಯಲ್ಲಿ ಮಲಬಾರಿನ ಮುಜಿರಿಸ್ ಬಂದರಿನ ಪ್ರಯಾಣದ ಸಾಲಕ್ಕೆ ಸಂಬಂಧಿಸಿದ ಕರಾರಿನ ಭಾಗವಿದೆ. ಸರಕನ್ನು ಕೆಂಪು ಸಮುದ್ರದ ದಡದಿಂದ ಒಂಟೆಯವನಿಗೆ ಒಪ್ಪಿಸಿ ಮರುಭೂಮಿ ದಾಟಿಸಿ ಕೊಪ್ಟೋಸ್‌ಗೆ ತಲುಪಿಸಬೇಕು, ಅಲ್ಲಿ ಮುದ್ರೆಯೊತ್ತಿ ಉಗ್ರಾಣದಲ್ಲಿಡಬೇಕು, ನೈಲ್ ನದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಇಳಿಸಬೇಕು, ಅಲ್ಲಿ ನಾಲ್ಕನೇ ಒಂದು ಭಾಗ ಸುಂಕ ಕಟ್ಟಬೇಕು ಎಂದು ಅದು ಹೇಳುತ್ತದೆ. ಇನ್ನೊಂದು ಬದಿಯಲ್ಲಿ ಹೆರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕವಿದೆ. ಗಂಗೆಯ ಸೀಮೆಯ ಜಟಾಮಾಂಸಿಯ 60 ಪೆಟ್ಟಿಗೆಗಳು, ಆನೆದಂತ, ಹೀಗೆ. ಒಟ್ಟು ಮೊತ್ತ 1,154 ಟ್ಯಾಲೆಂಟ್ ಮತ್ತು 2,852 ದ್ರಾಖ್ಮಾ. ಒಂದು ಟ್ಯಾಲೆಂಟಿಗೆ 6,000 ದ್ರಾಖ್ಮಾದಂತೆ ಗುಣಿಸಿದರೆ 69,26,852 ದ್ರಾಖ್ಮಾ ಆಗುತ್ತದೆ. ಈಜಿಪ್ಟಿನ ದ್ರಾಖ್ಮಾ ಸುಮಾರಾಗಿ ಒಂದು ಸೆಸ್ಟರ್ಸ್‌ಗೆ ಸಮ. ಎಂದರೆ ಪ್ಲಿನಿ ಇಡೀ ವರ್ಷಕ್ಕೆ ಹೇಳಿದ ಮೊತ್ತದ ಏಳನೇ ಒಂದು ಭಾಗ ಒಂದೇ ಹಡಗಿನಲ್ಲಿತ್ತು!

ಇಲ್ಲಿ ಆತುರ ಪಡಬಾರದು. ಪಪೈರಸ್‌ನಲ್ಲಿರುವುದು ಅಲೆಕ್ಸಾಂಡ್ರಿಯಾದ ಸುಂಕಕ್ಕೆ ಹಾಕಿದ ಬೆಲೆ. ಭಾರತದ ಸರಕು ರೋಮಿನಲ್ಲಿ ಕೊಂಡ ಬೆಲೆಯ ನೂರು ಪಟ್ಟಿಗೆ ಮಾರಾಟವಾಗುತ್ತದೆಂದು ಪ್ಲಿನಿಯೇ ಹೇಳುತ್ತಾನೆ. ಅದು ಬಾಯಿಮಾತಿನ ನೂರಾಗಿದ್ದರೂ ಮುಜಿರಿಸ್‌ನಲ್ಲಿ ಕೊಟ್ಟ ಹಣ ಆ 69 ಲಕ್ಷಕ್ಕಿಂತ ಬಹಳ ಕಡಿಮೆ ಇದ್ದಿರಬೇಕು. ಆದ್ದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಭಾಗಿಸುವುದು ಸರಿಯಲ್ಲ, ಮೇಲೆ ನಾನು ಭಾಗಿಸಿ ತೋರಿಸಿದ್ದು ಸರಕಿನ ಗಾತ್ರ ಕಣ್ಣಿಗೆ ಕಟ್ಟಲಿ ಎಂದಷ್ಟೇ. ಆದರೆ ಸಾಲ, ಒಂಟೆ, ಉಗ್ರಾಣ, ಮುದ್ರೆ, ಸುಂಕ ಎಂಬ ವಿವರಗಳು ದಿನನಿತ್ಯದ ವ್ಯವಹಾರದ ಭಾಷೆಯಲ್ಲಿವೆ. ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲವಾದ್ದರಿಂದ ನಾನು ಈ ಹಾಳೆಯನ್ನು ಪ್ಲಿನಿಯ ಅಳಲಿಗಿಂತ ಹೆಚ್ಚು ನಂಬುತ್ತೇನೆ.

ಇದೇ ಬಗೆಯ ವ್ಯವಹಾರದ ಬರಹ ಇನ್ನೊಂದಿದೆ. ಅದು ಮೊದಲನೆಯ ಶತಮಾನದ ನಡುಭಾಗದಲ್ಲಿ ಹೆಸರಿಲ್ಲದ ಒಬ್ಬ ಗ್ರೀಕ್ ವರ್ತಕ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್'. ಈಜಿಪ್ಟಿನಿಂದ ಜುಲೈ ತಿಂಗಳಲ್ಲಿ ಹೊರಡಬೇಕೆಂದು ಅದು ಹೇಳುತ್ತದೆ. ಮಲಬಾರಿಗೆ ತರಬೇಕಾದವುಗಳಲ್ಲಿ ಮೊದಲನೆಯದು ಹಣ, ಅದೂ ಬಹಳ ಹಣ. ಅನಂತರ ಬಟ್ಟೆ, ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, "ಹೆಚ್ಚಲ್ಲದಷ್ಟು" ದ್ರಾಕ್ಷಾರಸ. ಒಯ್ಯಬೇಕಾದವು ಮೆಣಸು, ತಮಾಲಪತ್ರ, ಮುತ್ತು, ಆನೆದಂತ, ಜಟಾಮಾಂಸಿ, ಹರಳುಗಳು, ಆಮೆಚಿಪ್ಪು. ಮೆಣಸು ಮತ್ತು ತಮಾಲಪತ್ರದ ರಾಶಿಯಿಂದಾಗಿಯೇ ಅಲ್ಲಿಗೆ ದೊಡ್ಡ ಹಡಗುಗಳು ಬರುತ್ತವೆ ಎಂದು ಅವನು ಬರೆಯುತ್ತಾನೆ. ನಾಣ್ಯಗಳು ಇಲ್ಲಿಗೆ ಯಾಕೆ ಬಂದವು ಎಂಬುದಕ್ಕೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಇಲ್ಲ. ನಮ್ಮ ಕಡೆಯ ಸಾಕ್ಷಿಯೂ ಇದಕ್ಕೆ ಹೊಂದುತ್ತದೆ: ಯವನರ, ಎಂದರೆ ಗ್ರೀಕ್–ರೋಮನ್ ನಾಡಿನವರ, ಚೆಲುವಾದ ಹಡಗುಗಳು ಚೇರರ ಹೊಳೆಯಲ್ಲಿ ನೊರೆಯೆಬ್ಬಿಸುತ್ತ ಚಿನ್ನದೊಡನೆ ಬಂದು ಮೆಣಸಿನೊಡನೆ ಮರಳುತ್ತವೆ ಎಂದು ಸಂಗಂ ಕಾಲದ ಅಗನಾನೂರಿನ ಒಂದು ಪದ್ಯ ಹೇಳುತ್ತದೆ.

ಒಳ್ಳೆಮೆಣಸು:

ನಾನು ದಕ್ಷಿಣ ಕನ್ನಡದ ಕೃಷಿಕ. ನಮ್ಮಲ್ಲಿ ಕರಿಮೆಣಸಿಗೆ ಒಳ್ಳೆಮೆಣಸು ಎನ್ನುತ್ತೇವೆ, ವೇದಿಕೆಯಲ್ಲಿ ನಾನು ಇಟ್ಟುಕೊಂಡ ಹೆಸರೂ ಅದೇ. ಪೆರಿಪ್ಲಸ್ ಮಲಬಾರಿನ ಮೊದಲ ಬಂದರುಗಳೆಂದು ನೌರಾ ಮತ್ತು ತಿಂಡಿಸ್ ಎಂಬ ಎರಡನ್ನು ಹೆಸರಿಸುತ್ತದೆ. ನೌರಾ ಎಂದರೆ ಮಂಗಳೂರು ಎಂದು ಕೆಲವರು, ಹೊನ್ನಾವರ ಎಂದು ಕೆಲವರು, ಕಣ್ಣೂರು ಎಂದು ಮತ್ತೆ ಕೆಲವರು ಬರೆದಿದ್ದಾರೆ. ಊರಿನ ಸ್ಮರಣ ಸಂಚಿಕೆಗಳಲ್ಲಿ ಮಾತ್ರ ಈ ಮೂರು ಊರಿನವರೂ ಅದು ತಮ್ಮದೇ ಎಂದು ಸಂಶಯವಿಲ್ಲದೆ ಹೇಳಿಕೊಳ್ಳುತ್ತಾರೆ.

ನಮ್ಮ ಕರಾವಳಿಯ ಬಗ್ಗೆ ಆ ಗ್ರಂಥಗಳು ಹೇಳುವ ಸಂಗತಿ ಅಷ್ಟೇನೂ ಹೆಮ್ಮೆ ತರುವಂಥದ್ದಲ್ಲ. ನೌರಾಕ್ಕೆ ಮುಂಚೆ ಬರುವ ದ್ವೀಪಗಳ ಸುತ್ತ ಕಡಲ್ಗಳ್ಳರಿದ್ದಾರೆ ಎಂದು ಪೆರಿಪ್ಲಸ್ ಎಚ್ಚರಿಸುತ್ತದೆ. ಆ ಜಾಗ ಕಾರವಾರ–ಗೋವಾದ ಆಸುಪಾಸು ಎಂಬುದು ಹಲವರ ಊಹೆ. ಪ್ಲಿನಿಯಂತೂ ಮುಜಿರಿಸ್‌ಗೆ ಹೋಗುವುದೇ ಬೇಡವೆನ್ನುತ್ತಾನೆ. ನಿತ್ರಿಯಾಸ್ ಎಂಬಲ್ಲಿ ನೆಲೆಸಿದ ಕಳ್ಳರು ಹತ್ತಿರದಲ್ಲೇ ಇದ್ದಾರೆ, ಹಡಗು ದಡದಿಂದ ದೂರದಲ್ಲಿ ನಿಲ್ಲಬೇಕು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು ಎಂಬುದು ಅವನ ಕಾರಣ. ಭಾರತಕ್ಕೆ ಹೋಗುವ ಹಡಗುಗಳಲ್ಲಿ ಬಿಲ್ಲುಗಾರರ ತಂಡವಿರುತ್ತಿತ್ತೆಂದೂ ಅವನೇ ಹೇಳುತ್ತಾನೆ. ಈ ನಿತ್ರಿಯಾಸ್ ನೇತ್ರಾವತಿಯ ದಡವೇ ಎಂದು ಗುರುತಿಸಿದವರಿದ್ದಾರೆ. ಹೆಸರಿನ ಹೋಲಿಕೆಯೊಂದನ್ನೇ ನೆಚ್ಚಿದ ಗುರುತು ಅದು. ನಮ್ಮ ಹೊಳೆಬಾಗಿಲಿನಲ್ಲಿ ಆ ಕಾಲದ ಪದರವನ್ನು ಅಗೆದು ತೋರಿಸಿದ ಮೇಲಷ್ಟೇ ನಾನು ಒಪ್ಪುವವನು.

ಮಂಗಳೂರಿನ ಹೆಸರು ಅನುಮಾನಕ್ಕೆ ಎಡೆಯಿಲ್ಲದೆ ಬರುವುದು ಬಹಳ ತಡವಾಗಿ. ಆರನೆಯ ಶತಮಾನದ ಕಾಸ್ಮಾಸ್ ಎಂಬ ಗ್ರೀಕ್ ಕ್ರೈಸ್ತ ಸನ್ಯಾಸಿ ಮೆಣಸು ರಫ್ತು ಮಾಡುವ ಮಲೆಯ ಐದು ಬಂದರುಗಳನ್ನು ಎಣಿಸುವಾಗ ಮಂಗರೂತ್ ಎನ್ನುತ್ತಾನೆ. ಒಳನಾಡಿನ ಬನವಾಸಿಯ ಹೆಸರು ಅದಕ್ಕಿಂತ ಬಹಳ ಮುಂಚೆಯೇ, ಅಲೆಕ್ಸಾಂಡ್ರಿಯಾದ ಭೂಗೋಳಜ್ಞ, ಎರಡನೆಯ ಶತಮಾನದ ಟಾಲೆಮಿಯ ಪಟ್ಟಿಯಲ್ಲಿ, ಬನಉಆಸೆಯಿ ಎಂಬ ರೂಪದಲ್ಲಿ ಸಿಗುತ್ತದೆ. ಘಟ್ಟದ ಮೇಲಿನ ಊರಿನ ಹೆಸರು ಅಲೆಕ್ಸಾಂಡ್ರಿಯಾ ತಲುಪಿತ್ತೆಂದರೆ ಅದನ್ನು ಹೊತ್ತೊಯ್ದವರು ಯಾರಾದರೂ ಇದ್ದಿರಲೇಬೇಕು.

ಮಡಕೆಚೂರು:

ಅಗೆತದ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಹಳೇಪೇಟೆಯವರು ಕರ್ನಾಟಕದ ಪಾಲನ್ನು ಕೇಳಿದ್ದಾರೆ. ಆ ಪಾಲು ಯಶವಂತಪುರಕ್ಕಿಂತ ಚಿತ್ರದುರ್ಗ ಜಿಲ್ಲೆಯಲ್ಲಿ ಹೆಚ್ಚು ಇದೆ, ಮತ್ತು ಅದರ ಕತೆ ಸ್ವಲ್ಪ ವಕ್ರವಾಗಿದೆ.

1945ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆತ ನಡೆಸಿದರು. ಅಲ್ಲಿ ಇಟಲಿಯ ಅರೆಟ್ಸೊ ಊರಿನಲ್ಲಿ ತಯಾರಾದ ಹೊಳೆಯುವ ಕೆಂಪು ಪಾತ್ರೆಯ ಚೂರುಗಳು ಸಿಕ್ಕಿದವು. ಇಟಲಿಯಲ್ಲಿ ಆ ಪಾತ್ರೆಗಳ ಕಾಲ ಚೆನ್ನಾಗಿ ಗೊತ್ತಿದ್ದುದರಿಂದ ಅರಿಕಮೇಡಿನ ಪದರಗಳಿಗೆ ಕ್ರಿ.ಶ. ಮೊದಲನೆಯ ಶತಮಾನದ ಕಾಲ ಗೊತ್ತಾಯಿತು. ಅದೇ ಜಾಗದಲ್ಲಿ ಇನ್ನೊಂದು ಬಗೆಯ ತಟ್ಟೆಯ ಚೂರುಗಳೂ ಇದ್ದವು. ತೆಳ್ಳಗೆ, ನುಣುಪಾಗಿ, ಬೂದು ಇಲ್ಲವೇ ಕಪ್ಪು ಬಣ್ಣದಲ್ಲಿದ್ದು, ಬೆರಳಿನಿಂದ ತಟ್ಟಿದರೆ ಕಂಚಿನ ಬಟ್ಟಲಿನಂತೆ ಸದ್ದು ಮಾಡುವ ಈ ತಟ್ಟೆಗಳ ಒಳತಳದಲ್ಲಿ ಸಣ್ಣ ಸಣ್ಣ ಕಚ್ಚುಗಳ ಸಾಲು ಬಳೆಯಂತೆ ಸುತ್ತು ಹಾಕಿರುತ್ತದೆ. ಇದಕ್ಕೆ ರೂಲೆಟೆಡ್ ಮಡಕೆ ಎನ್ನುತ್ತಾರೆ. ವೀಲರ್ ಇದನ್ನು ಮೆಡಿಟರೇನಿಯನ್ ಕಡೆಯಿಂದ ಬಂದದ್ದೆಂದು ತಿಳಿದರು.

1947ರಲ್ಲಿ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೂ ಬಂದದ್ದು ಇದೇ ಎಳೆಯನ್ನು ಹಿಡಿದು. ಎರಡೂ ಕಡೆ ರೂಲೆಟೆಡ್ ಚೂರುಗಳು ಸಿಕ್ಕಿದವು. ಚಂದ್ರವಳ್ಳಿಯಲ್ಲಿ ಅದಕ್ಕೆ ಮೊದಲೇ ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರ ಅಗೆತದಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತ್ತು. ನೆಲದಲ್ಲಿ ಆಕಸ್ಮಿಕವಾಗಿ ಸಿಕ್ಕಿದ ನಿಧಿಗಿಂತ ಸಾತವಾಹನ ಕಾಲದ ವಸತಿಯೊಂದರಲ್ಲಿ ಸಿಕ್ಕಿದ ಈ ಒಂದು ನಾಣ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅದರ ಅಕ್ಕಪಕ್ಕದಲ್ಲಿ ಏನಿತ್ತೆಂದು ನಮಗೆ ತಿಳಿದಿದೆ. ಬ್ರಹ್ಮಗಿರಿಯಲ್ಲಿ ರೂಲೆಟೆಡ್ ಚೂರು ಸಿಕ್ಕಿದ ಪದರಕ್ಕೆ ವೀಲರ್ ಮೊದಲನೆಯ ಶತಮಾನದ ಕಾಲ ಕೊಟ್ಟು, ಅದರ ಕೆಳಗಿನ ಬೃಹತ್ ಶಿಲಾಗೋರಿಗಳ ಜನರನ್ನು ಕ್ರಿ.ಪೂ. 200ರಿಂದ ಈಚೆಗೆ ತಂದು, ಅವರಿಗೂ ಕೆಳಗಿನ ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. ಒಂದನೆಯ ಸಹಸ್ರಮಾನದೊಳಗೇ ಅಡಗಿಸಿದರು. ಇಟಲಿಯ ಒಂದು ತಟ್ಟೆಯಿಂದ ನೇತುಹಾಕಿದ ಸರಪಳಿಗೆ ದಕ್ಷಿಣ ಭಾರತದ ಇಡೀ ಪ್ರಾಗಿತಿಹಾಸ ಜೋತುಬಿದ್ದಂತಾಯಿತು.

ಆ ಸರಪಳಿಯ ಎರಡು ಕೊಂಡಿಗಳು ಆಮೇಲೆ ಕಳಚಿದವು. ರೂಲೆಟೆಡ್ ಮಡಕೆ ಭಾರತದಲ್ಲೇ ತಯಾರಾದದ್ದೆಂದೂ ಕ್ರಿಸ್ತಪೂರ್ವದಲ್ಲೇ ಆರಂಭವಾಗಿತ್ತೆಂದೂ ಮಣ್ಣಿನ ಪರೀಕ್ಷೆಗಳಿಂದ ಮತ್ತು 1989–92ರಲ್ಲಿ ವಿಮಲಾ ಬೇಗ್ಲಿ ಅರಿಕಮೇಡಿನಲ್ಲಿ ನಡೆಸಿದ ಮರು ಅಗೆತದಿಂದ ಗೊತ್ತಾಯಿತು. ಇಂಗಾಲದ ಕಾಲಮಾಪನ ಬಂದ ಮೇಲೆ ಕಲ್ಲುಕೊಡಲಿಯ ಜನ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿದರು. ಹೀಗಾಗಿ "ಬ್ರಹ್ಮಗಿರಿಯಲ್ಲಿ ರೋಮನ್ ಮಡಕೆ ಸಿಕ್ಕಿದೆ" ಎಂದು ಈಗಲೂ ಬರೆಯುವವರು ಎಂಬತ್ತು ವರ್ಷ ಹಳೆಯ ಓದನ್ನು ಮುಂದುವರಿಸುತ್ತಿದ್ದಾರೆ. ಅಲ್ಲಿ ಸಿಕ್ಕಿದ್ದು ಭಾರತದ್ದೇ ಮಡಕೆ. ಕರಾವಳಿಯ ಬಂದರುಗಳ ಜೊತೆ ಚಿತ್ರದುರ್ಗದ ಒಳನಾಡಿಗೆ ಸಂಪರ್ಕವಿತ್ತೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ, ರೋಮಿಗೆ ಅಲ್ಲ.

ದ್ರಾಕ್ಷಾರಸದ ಹೂಜಿಗಳ ವಿಷಯವೂ ಹೀಗೆಯೇ. ಎರಡು ಹಿಡಿಗಳ, ಮೊನಚು ತಳದ ಆ ಹೂಜಿಗೆ ಆಂಫೊರಾ ಎನ್ನುತ್ತಾರೆ. ಇಟಲಿಯ ನೇಪಲ್ಸ್ ಕೊಲ್ಲಿಯ ಕಡೆಯ ಹೂಜಿಯಾದರೆ ಮುರಿದ ಅಂಚಿನಲ್ಲಿ ಜ್ವಾಲಾಮುಖಿಯ ಕರಿಮರಳು ಎಳ್ಳು ಚೆಲ್ಲಿದಂತೆ ಕಾಣುತ್ತದೆ, ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಹಿಂದೆ ಭಾರತದಲ್ಲಿ ಆಂಫೊರಾ ಎಂದು ಚೀಟಿ ಅಂಟಿಸಿದ್ದ ಚೂರುಗಳಲ್ಲಿ ಕೆಲವು ಪರ್ಷಿಯನ್ ಕೊಲ್ಲಿಯ ಕಡೆಯಿಂದ ಬಂದ, ಒಳಗೆ ಡಾಂಬರಿನಂಥ ಲೇಪವಿರುವ ಹಿಡಿಯಿಲ್ಲದ ಜಾಡಿಗಳೆಂದು ರೊಬೆರ್ಟಾ ಟೊಂಬರ್ ತೋರಿಸಿದರು. ಕೇರಳದ ಪಟ್ಟಣಂನಲ್ಲಿ 2007ರಿಂದ ನಡೆದ ಅಗೆತದಲ್ಲಿ ಎರಡೂ ಬಗೆಯವು ಸಿಕ್ಕಿವೆ. ಅಲ್ಲಿಯೇ ಇಟ್ಟಿಗೆಯ ಕಟ್ಟೆಯ ಪಕ್ಕದ ಕೆಸರಿನಲ್ಲಿ ಸುಮಾರು ಆರು ಮೀಟರ್ ಉದ್ದದ ಒಂದು ತೋಡುದೋಣಿಯೂ ಸಿಕ್ಕಿತು. ಈ ಪಟ್ಟಣಂ ಊರೇ ಮುಜಿರಿಸ್ ಎಂಬುದನ್ನು ಒಪ್ಪದ ಇತಿಹಾಸಕಾರರಿದ್ದಾರೆ. ಊರಿನ ಹೆಸರು ಏನೇ ಇರಲಿ, ಪೆರಿಯಾರ್ ಮುಖದಲ್ಲಿ ಮೆಡಿಟರೇನಿಯನ್ ಸರಕು ಇಳಿಯುತ್ತಿತ್ತೆಂಬುದಕ್ಕೆ ಆ ಚೂರುಗಳು ಸಾಕು.

ಗಡಿನಾಡು:

ಇಷ್ಟೆಲ್ಲ ಬಂದ ಮೇಲೆ ಖರಿತಿಯೋನ್ ಪ್ರಹಸನದ ಮಾತು ಬರಲೇಬೇಕು. ಈಜಿಪ್ಟಿನ ಪಪೈರಸ್‌ನಲ್ಲಿ ಕನ್ನಡ ವಾಕ್ಯಗಳಿವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇದು ಪುರಾವೆಯೋ ಅಲ್ಲವೋ?

ಓಲೆಗರಿ:

ಈ ಪ್ರಶ್ನೆ ಬರುತ್ತದೆಂದು ಕಾದಿದ್ದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಎರಡನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ ಈ ಪ್ರಹಸನವಿದೆ. ಖರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ಒಂದು ದೇವಾಲಯದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣ ಮತ್ತು ಒಬ್ಬ ವಿದೂಷಕ ಬಂದು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ವಿದೂಷಕನ ಇನ್ನೊಂದು ಆಯುಧ ಅಪಾನವಾಯು, ಅದಕ್ಕೂ ಹಸ್ತಪ್ರತಿಯಲ್ಲಿ ರಂಗಸೂಚನೆಯಿದೆ. ರಾಜನ ಕಡೆಯವರು ಗ್ರೀಕ್ ಅಲ್ಲದ ಏನನ್ನೋ ಆಡುತ್ತಾರೆ.

1904ರಲ್ಲಿ ಶಾಸನತಜ್ಞ ಹುಲ್ಟ್ಷ್ ಈ ಮಾತುಗಳು ಕನ್ನಡವಾಗಿರಬಹುದೆಂದರು. ಅನಂತರ ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡಿನಲ್ಲಿ ಮುಂದುವರಿದರು. ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ಅದು ತುಳು ಎಂದು ವಾದಿಸಿದವರೂ ಇದ್ದಾರೆ. 'ಬೆರೆ ಕೊಂಜೆಯ್ ದಮುನ್ ಪೆತ್ರೆಕಿಯೋ' ಎಂಬ ಅಕ್ಷರಗಳನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದುವುದು ಹೆಸರಾದ ಉದಾಹರಣೆ. ಕೇಳಿದ ತಕ್ಷಣ ಮೈ ಜುಮ್ಮೆನ್ನುತ್ತದೆ, ನನಗೂ ಹಾಗೆಯೇ ಆಗಿತ್ತು.

ಹಳಗನ್ನಡ ಪಾಠ ಮಾಡುವವನಾಗಿ ನನಗೆ ಅನುಮಾನ ಹುಟ್ಟಿದ್ದು 'ಹಾಕಿ' ಎಂಬಲ್ಲಿ. ನಮ್ಮ ಈಗಿನ ಪದಾದಿಯ ಹಕಾರ ಹಳಗನ್ನಡದಲ್ಲಿ ಪಕಾರವಾಗಿತ್ತು: ಹಾಲು ಪಾಲ್, ಹೋಗು ಪೋಗು, ಹಾಕು ಪಾಯ್ಕು. ಆ ಬದಲಾವಣೆ ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಎರಡನೆಯ ಶತಮಾನದ ಹಾಳೆಯಲ್ಲಿ 'ಹಾಕಿ' ಕಾಣುವುದಾದರೆ ನಾವು ನಮ್ಮ ಮನೆಯ ಕನ್ನಡವನ್ನು ಅಲ್ಲಿಗೆ ಒಯ್ದು ಓದುತ್ತಿದ್ದೇವೆಂದೇ ಅರ್ಥ. ಇನ್ನೊಂದು ಸಾಲಿನ 'ಎತ್ತುವೆನು' ಎಂಬ ಓದಿಗೂ ಇದೇ ತೊಡಕು, ಹಳಗನ್ನಡದಲ್ಲಿ ಅದು 'ಎತ್ತುವೆಂ' ಆಗಬೇಕು. ಅಕ್ಷರಗಳನ್ನು ಎಲ್ಲಿ ಬೇಕೆಂದರಲ್ಲಿ ಒಡೆಯುವ, ಹಿಂದುಮುಂದು ಮಾಡುವ ಸ್ವಾತಂತ್ರ್ಯ ಕೊಟ್ಟರೆ ಯಾವ ದ್ರಾವಿಡ ಭಾಷೆಯನ್ನಾದರೂ ಅಲ್ಲಿಂದ ಹೊರತೆಗೆಯಬಹುದು. ನಗಿಸುವುದಕ್ಕಾಗಿ ಕಟ್ಟಿದ ಅರ್ಥವಿಲ್ಲದ ಉಲಿಯೂ ಇರಬಹುದು.

ಹಾಗೆಂದು ಪ್ರಹಸನ ನಮ್ಮ ವಿಷಯಕ್ಕೆ ನಿರುಪಯುಕ್ತವಲ್ಲ. ಆ ನಾಡಿನಲ್ಲಿ ದ್ರಾಕ್ಷಾರಸ ಮಾರಾಟಕ್ಕೆ ಸಿಗುವುದಿಲ್ಲ, ಸಿಕ್ಕರೆ ಅಭ್ಯಾಸವಿಲ್ಲದೆ ಹಾಗೆಯೇ ಕುಡಿದುಬಿಡುತ್ತಾರೆ ಎಂಬ ಮಾತು ಅದರಲ್ಲಿದೆ. ಪೆರಿಪ್ಲಸ್‌ನ "ಹೆಚ್ಚಲ್ಲದಷ್ಟು" ದ್ರಾಕ್ಷಾರಸದ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ಈಜಿಪ್ಟಿನ ಒಳನಾಡಿನ ಒಂದು ಪಟ್ಟಣದ ಪ್ರೇಕ್ಷಕರು ಭಾರತದ ಕಡಲತೀರದ ಬಗ್ಗೆ ಹಾಸ್ಯ ಮಾಡಿದರೆ ಅರ್ಥಮಾಡಿಕೊಂಡು ನಗುವಷ್ಟು ಆ ದಾರಿ ಅವರಿಗೆ ಪರಿಚಿತವಾಗಿತ್ತು. ಅದರಿಂದ ನನಗೆ ದೊರೆಯುವ ಪುರಾವೆ ಇಷ್ಟೇ.

ಒಳ್ಳೆಮೆಣಸು:

ಓಲೆಗರಿಯವರು ಬರೆದದ್ದನ್ನು ಓದಿ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಆದರೆ ಪಕಾರದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನನ್ನದೊಂದು ಪ್ರಶ್ನೆ: ಹಡಗು ಅವರದ್ದೇ, ಹೋಗಿ ಬಂದವರೂ ಅವರೇ, ನಾವು ದಡದಲ್ಲಿ ಮೆಣಸಿನ ಮೂಟೆ ಹಿಡಿದು ನಿಂತವರು ಮಾತ್ರವೇ?

ಮಡಕೆಚೂರು:

ಅಲ್ಲ. ಇದಕ್ಕೆ ಉತ್ತರ ಈಜಿಪ್ಟಿನ ಕಡೆಯ ಅಗೆತಗಳಲ್ಲಿದೆ. ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನ ಒಂದು ದೇವಾಲಯದ ಅಂಗಳದಲ್ಲಿ, ನೆಲದಲ್ಲಿ ಹುಗಿದಿಟ್ಟ ಒಂದು ದೊಡ್ಡ ಗುಡಾಣ ಸಿಕ್ಕಿತು. ಒಳಗೆ 7.55 ಕಿಲೋ ಕರಿಮೆಣಸು ಇತ್ತು. ಗುಡಾಣವೂ ಭಾರತದ್ದೇ. ಅದೇ ಊರಿನಲ್ಲಿ ಅಕ್ಕಿ, ಹೆಸರುಕಾಳು, ತೆಂಗಿನ ಚಿಪ್ಪು ಸಿಕ್ಕಿವೆ. ಮರಳುಗಾಡಿನ ಆ ಊರಿನ ಕಟ್ಟಡಗಳಲ್ಲಿ ಒಡೆದ ಹಡಗುಗಳಿಂದ ಬಿಚ್ಚಿದ ಭಾರತದ ತೇಗವನ್ನು ಬಳಸಿದ್ದಾರೆ. ಮೆಣಸು ಮಾರಾಟದ ಸರಕು. ಹೆಸರುಕಾಳು ಹಾಗಲ್ಲ, ಅದು ಯಾರದೋ ಅಡುಗೆಮನೆಗೆ ಬೇಕಾಗಿದ್ದದ್ದು.

ಉತ್ತರಕ್ಕಿರುವ ಕುಸೈರ್ ಅಲ್ ಕದೀಮ್‌ನಲ್ಲಿ, ಎಂದರೆ ಹಳೆಯ ಮಯೋಸ್ ಹೊರ್ಮೋಸ್ ಬಂದರಿನಲ್ಲಿ, ತಮಿಳು ಬ್ರಾಹ್ಮಿಯಲ್ಲಿ ಕಣನ್, ಚಾತನ್ ಎಂಬ ಹೆಸರುಗಳನ್ನು ಗೀರಿದ ಚೂರುಗಳಿವೆ. ಅಲ್ಲಿಯ ಇನ್ನೊಂದು ಚೂರಿನಲ್ಲಿರುವ 'ಪಾನೈ ಒರಿ' ಎಂಬುದನ್ನು ಐರಾವತಂ ಮಹಾದೇವನ್ ಓದಿದರು. ಹಗ್ಗದ ಬಲೆಯಲ್ಲಿ ತೂಗುಹಾಕುವ ಮಡಕೆ ಎಂದು ಅದರ ಅರ್ಥ. ನಮ್ಮ ಅಜ್ಜಿಯಂದಿರು ಬೆಕ್ಕಿನಿಂದ ಬೆಣ್ಣೆ ಕಾಪಾಡಲು ಜಂತಿಗೆ ಕಟ್ಟುತ್ತಿದ್ದ ನೆಲುವೇ ಅದು. ರಾಜನನ್ನೋ ದೇವರನ್ನೋ ಹೊಗಳದೆ, ಇದು ನೆಲುವಿನ ಮಡಕೆ ಎಂದು ಗೀರಿ ಹೇಳಿದ ಆ ಮನುಷ್ಯ ಅಲ್ಲಿ ಮನೆ ಮಾಡಿಕೊಂಡಿದ್ದನೋ ಹಡಗಿನಲ್ಲಿ ಅಡುಗೆಯವನಾಗಿದ್ದನೋ ನಾನು ಹೇಳಲಾರೆ, ಆದರೆ ಅವನು ದಡದಲ್ಲಿ ಮೂಟೆ ಹಿಡಿದು ನಿಂತವನಂತೂ ಅಲ್ಲ. ದಾರಿಯ ನಡುವೆ ಸೊಕೋಟ್ರಾ ದ್ವೀಪದ ಹೋಕ್ ಗವಿಯಲ್ಲಿ ಭಾರತೀಯ ನಾವಿಕರು ಬ್ರಾಹ್ಮಿಯಲ್ಲಿ ತಮ್ಮ ಹೆಸರುಗಳನ್ನು ಬರೆದು ಹೋಗಿದ್ದಾರೆ.

ಹಳೇಪೇಟೆ:

ನಾನು ಒಂದು ಸಾಲಿನ ತಿದ್ದುಪಡಿ ಕೇಳಿದ್ದೆ, ನೀವೆಲ್ಲ ಬಹಳ ಕೊಟ್ಟಿರಿ. ಲೇಖಕರಿಗೆ ಈ ಪುಟವನ್ನೇ ಮುದ್ರಿಸಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಹಾಗಾದರೆ ನೀವೇ ಬರೆಯಿರಿ" ಎಂದರು. ಸ್ವಲ್ಪ ಮುನಿಸಿತ್ತು, ಆದರೆ ಒಪ್ಪಿದರು. ನಾನು ಬರೆದದ್ದು ಹೀಗಿದೆ:

"ಕ್ರಿ.ಶ. ಮೊದಲನೆಯ ಮತ್ತು ಎರಡನೆಯ ಶತಮಾನಗಳಲ್ಲಿ ರೋಮನ್ನರು ಮೆಣಸಿಗಾಗಿ ದಕ್ಷಿಣ ಭಾರತಕ್ಕೆ ತಂದ ಬೆಳ್ಳಿಯಲ್ಲಿ ಒಂದು ಪಾಲು ಕೈಯಿಂದ ಕೈಗೆ ದಾಟಿ ಬೆಂಗಳೂರಿನ ಬಯಲಿಗೂ ತಲುಪಿತ್ತು. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿದ 163 ನಾಣ್ಯಗಳು ಇದಕ್ಕೆ ಸಾಕ್ಷಿ. ಅವುಗಳನ್ನು ಇಲ್ಲಿ ಹೂತವರು ಯಾರೆಂದು ತಿಳಿದಿಲ್ಲ."

ಟಂಕಸಾಲೆ:

ಚೆನ್ನಾಗಿದೆ. ಎರಡು ಕಡೆ ಮಾತ್ರ ಕೈಯಾಡಿಸಿ. "ರೋಮನ್ನರು ತಂದ ಬೆಳ್ಳಿ" ಎಂಬುದನ್ನು "ರೋಮನ್ ಸಾಮ್ರಾಜ್ಯದಲ್ಲಿ ಅಚ್ಚಾಗಿ ಬಂದ ಬೆಳ್ಳಿ" ಎಂದು ಮಾಡಿ. ಹಡಗುಗಳಲ್ಲಿ ಇದ್ದವರು ಗ್ರೀಕರು, ಈಜಿಪ್ಟಿನವರು, ಅರಬರು, ಮಡಕೆಚೂರು ಅವರು ತೋರಿಸಿದಂತೆ ನಮ್ಮವರೂ ಹೌದು. ಹಾಗೆಯೇ "ಮೆಣಸಿಗಾಗಿ" ಎಂಬುದರ ಮುಂದೆ "ಮುಖ್ಯವಾಗಿ" ಸೇರಿಸಿ, ಇಲ್ಲದಿದ್ದರೆ ಕೊಡುಮಣಲ್‌ನ ಹರಳಿನವರು ಜಗಳಕ್ಕೆ ಬಂದಾರು.

ಹಳೇಪೇಟೆ:

ಎರಡನ್ನೂ ತಿದ್ದಿದ್ದೇನೆ. ಅಚ್ಚಿಗೆ ಹೋಗುವುದು ಸೋಮವಾರ.